ಸಂಗಟಿಯ ಹದ, ತೊಗಲಿನ ಹದ

ದಲಿತ ವಿಮರ್ಶೆಯಲ್ಲಿ ದುಡಿಮೆ ಎಂಬ ಮಾತು ಬಂದಾಗಲೆಲ್ಲ ಅದರ ಬೆನ್ನಿಗೇ ಅವಮಾನ ಎಂಬ ಮಾತೂ ಬರುತ್ತದೆ. ಬರಬೇಕಾದ್ದೇ. ಹಸಿವು, ಬಿಟ್ಟಿ ಚಾಕರಿ, ಮುಟ್ಟಿಸಿಕೊಳ್ಳದ ಕೈ, ಇವನ್ನು ಬರೆಯದೆ ನಮ್ಮ ಚರಿತ್ರೆಯನ್ನು ಬರೆಯಲಾಗದು. ಆದರೆ ಆ ಕೈಗೆ ತಾನು ಮಾಡುವ ಕೆಲಸದೊಳಗೇ ಒಂದು ಸುಖ ಇತ್ತೇ ಎಂಬ ಪ್ರಶ್ನೆಯನ್ನು ನಾವು ಹೆಚ್ಚಾಗಿ ಕೇಳಿಲ್ಲ. ಕೇಳಲು ಅಂಜಿಕೆ. ಸುಖ ಇತ್ತು ಅಂದ್ರೆ ಸಾಕು, ‘ಹಂಗಾದ್ರೆ ಅದನ್ನೇ ಮಾಡ್ಕೊಂಡಿರಿ’ ಅನ್ನೋರು ಕಾದು ಕೂತವ್ರೆ.

ಅಂಜಿಕೆಗೆ ಇನ್ನೂ ಒಂದು ಕಾರಣವಿದೆ. ನಾನು ಬರೆಯಲು ಹೊರಟಿರುವುದು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಸೀಮೆಯ ಬಗ್ಗೆ. ಈ ಸೀಮೆಯ ಹೆಸರನ್ನು ನಾಡು ತಿಳಿದದ್ದು ಕಂಬಾಲಪಲ್ಲಿಯಿಂದ. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಇಂಥ ಮಣ್ಣಿನಲ್ಲಿ ನಿಂತು ಸುಖದ ಚರಿತ್ರೆ ಬರೆಯುವುದು ನಾಚಿಕೆಗೇಡಲ್ಲವೇ ಎಂದು ಗೆಳೆಯರು ಕೇಳಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸತ್ತ ಬಗೆಯಿಂದ ಮಾತ್ರ ಗುರುತಾಗುವ ಜನ ಬದುಕಿದ ಬಗೆಯನ್ನೂ ಯಾರಾದರೂ ಬರೆದಿಡಬೇಕು.

‘ಹದ’ ಎಂಬ ಮಾತಿನಿಂದ ಶುರು ಮಾಡುತ್ತೇನೆ. ಬಿತ್ತೋ ನೆಲಕ್ಕೆ ಹದ, ಮುದ್ದೆಗೆ ಹದ, ತೊಗಲಿಗೂ ಹದ. ಹಸಿ ಚರ್ಮವನ್ನು ತೊಗಲಾಗಿಸುವ ಇಡೀ ವಿದ್ಯೆಗೆ ಕನ್ನಡದಲ್ಲಿ ಬೇರೆ ದೊಡ್ಡ ಹೆಸರಿಲ್ಲ, ಹದ ಮಾಡುವುದು ಎಂದಷ್ಟೇ. ಅಡುಗೆಮನೆಗೂ ಚರ್ಮದ ಬಾನಿಗೂ ಒಂದೇ ಮಾತು. ಇದು ಬರೀ ಪದದ ಆಟವಲ್ಲ ಎಂಬುದಕ್ಕೆ ದಾಖಲೆಯೂ ಇದೆ. ಟಿಪ್ಪು ಬಿದ್ದ ಮೇಲೆ, 1800-01ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾದಿಗರು ಚರ್ಮ ಹದ ಮಾಡುವ ಕ್ರಮವನ್ನು ಬರೆದುಕೊಂಡ. ಅವನ ಪುಸ್ತಕ ಅಚ್ಚಾದದ್ದು 1807ರಲ್ಲಿ. ಕುರಿ, ಮೇಕೆ ಚರ್ಮದ ಕೂದಲು ಬಿಡಿಸಲು ಎಕ್ಕದ ಹಾಲು, ಉಪ್ಪು, ರಾಗಿ ಸಂಗಟಿ ಕಲಸಿ ಹಚ್ಚಿ ಬಿಸಿಲಿಗೆ ಹಾಕುತ್ತಿದ್ದರು. ಆಮೇಲೆ ಅಳಲೆಕಾಯಿ ಪುಡಿಯ ನೀರು. ದನ, ಎಮ್ಮೆಯ ಚರ್ಮಕ್ಕಾದರೆ ಮೊದಲು ಸುಣ್ಣ, ಆಮೇಲೆ ತಂಗಡಿ. ಸಂಗಟಿ ಅಂದರೆ ಮುದ್ದೆ. ಮನೆಯೊಳಗೆ ತೆಲುಗು, ಊರೊಳಗೆ ಕನ್ನಡ ಆಡುವ ನಮ್ಮ ಕಡೆ ಈಗಲೂ ಅದೇ ಹೆಸರು. ಹೊಟ್ಟೆಗೆ ಹೋಗುವ ಸಂಗಟಿಯಲ್ಲೇ ಒಂದು ಪಾಲು ಚರ್ಮಕ್ಕೆ! ಸುಣ್ಣ ಎಷ್ಟು, ತಂಗಡಿ ಎಷ್ಟು ಎಂದು ತೂಕ, ಅಳತೆ, ದಿನದ ಲೆಕ್ಕವನ್ನೆಲ್ಲ ಬುಕಾನನ್ ಬರೆದಿದ್ದಾನೆ. ಹೇಳಿಕೊಟ್ಟವರ ಹೆಸರನ್ನು ಬರೆದಿಲ್ಲ.

ತೂಕ ಬರೆಯಬಹುದು, ಹದ ಬರೆಯಲಾಗದು. ನಮ್ಮ ತಾತ ಬಾನಿಯ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟು ನೋಡ್ತಿದ್ದ. ಒಗರು ಇಳಿದಿದ್ದರೆ ತಂಗಡಿ ಚಕ್ಕೆಯ ಶಕ್ತಿ ಮುಗಿದಿದೆ, ಹೊಸದು ಹಾಕಬೇಕು. ತೊಗಲಿನ ಅಂಚನ್ನು ರಂಪಿಗೆಯಿಂದ ಚೂರು ಕೊಯ್ದು ಒಳಗಿನ ಬಣ್ಣ ನೋಡ್ತಿದ್ದ. ನಡುವೆ ಬಿಳಿ ಗೆರೆ ಉಳಿದಿದ್ದರೆ ‘ಇನ್ನಾ ಹದ ಬಂದಿಲ್ಲ ಕಣಪ್ಪಾ’ ಅಂತ ಮತ್ತೆ ಬಾನಿಗೆ. ಚಕ್ಕೆಯ ಟ್ಯಾನಿನ್ ಚರ್ಮದ ಕೊಲಾಜನ್ ನಾರುಗಳಿಗೆ ಅಂಟಿಕೊಂಡು ಅದನ್ನು ಕೊಳೆಯದಂತೆ ಮಾಡುತ್ತದೆ ಎಂದು ನಾನು ಓದಿದ್ದು ಕಾಲೇಜಿಗೆ ಹೋದ ಮೇಲೆ. ಆ ಬಿಳಿ ಗೆರೆ ಅಂದರೆ ಟ್ಯಾನಿನ್ ಇನ್ನೂ ತಲುಪದ ಜಾಗ. ತಾತನಿಗೆ ಆ ಹೆಸರುಗಳು ಗೊತ್ತಿರಲಿಲ್ಲ, ಗೆರೆ ಗೊತ್ತಿತ್ತು. ಹದ ಬಂದ ದಿನ ಅವನ ಮುಖ ನೋಡಬೇಕಿತ್ತು. ತೊಗಲನ್ನು ಮಡಿಸಿ, ಬಿಡಿಸಿ, ಮೂಸಿ, ಪಕ್ಕದವನ ಕೈಗೆ ಕೊಟ್ಟು ಅವನೂ ಮಡಿಸುವವರೆಗೆ ಸಮಾಧಾನವಿಲ್ಲ.

ಅವ್ವನ ಕಡೆಯಿಂದ ನೋಡಿದರೆ ಇದೇ ಕತೆ ಬೇರೆಯಾಗುತ್ತದೆ. ಗುಡ್ಡಕ್ಕೆ ಹೋಗಿ ತಂಗಡಿ ಕಡ್ಡಿ ಕಡಿದು, ಚಕ್ಕೆ ಸುಲಿದು, ಕುಟ್ಟಿ, ಬಾನಿಗೆ ನೀರು ಹೊತ್ತವಳು ಅವಳು. ನಮ್ಮ ಬರವಣಿಗೆಯಲ್ಲೂ ಚಮ್ಮಾರ ಅಂದರೆ ಗಂಡಸೇ. ಕುಟ್ಟಿದ ಕೈಯಲ್ಲೇ ಅವಳು ಬಂದು ಎಸರಿಡುತ್ತಿದ್ದಳು. ನುಚ್ಚು ಬೆಂದ ಮೇಲೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು ತಕ್ಷಣ ತಿರುವದೆ, ಕೋಲಿನಿಂದ ನಡುವೆ ತೂತು ಮಾಡಿ ಕುದಿಯಲು ಬಿಟ್ಟು, ಸದ್ದು ಕೇಳುತ್ತಾ ಕೂರುವಳು. ಸದ್ದು ದಪ್ಪಗಾದಾಗ ಕೋಲು ಕೈಗೆ. ಒಂದು ಗಂಟು ಉಳಿದರೂ ಅವಳಿಗೆ ಅಂದಿನ ಊಟ ರುಚಿಸದು. ತಿನ್ನಲು ಜೊತೆಗೆ ಉಪ್ಪು ಮೆಣಸಿನಕಾಯಿ ಮಾತ್ರ ಇದ್ದ ದಿನವೂ ಗಂಟಿಲ್ಲದ ಸಂಗಟಿಯೇ ಆಗಬೇಕು. ಬಡತನಕ್ಕೆ ಇಷ್ಟು ಅಚ್ಚುಕಟ್ಟು ಬೇಕಿಲ್ಲ. ಹಸಿವು ಅದನ್ನು ಕೇಳುವುದೂ ಇಲ್ಲ. ಅದು ಅವಳದೇ ಹಟ, ಅವಳದೇ ಸುಖ.

ನಮ್ಮ ವಿಮರ್ಶೆ ಈ ಹಟವನ್ನು ಕಾಣುವುದಿಲ್ಲ. ದೇವನೂರರ ‘ಒಡಲಾಳ’ದಲ್ಲಿ ಒಂದಿಡೀ ಮನೆ ಕದ್ದು ತಂದ ಕಡ್ಲೆಕಾಯನ್ನು ರಾತ್ರಿ ಕೂತು ತಿನ್ನುವುದನ್ನು ಹಸಿವಿನ ಚಿತ್ರವೆಂದು ಓದಿದವರೇ ಹೆಚ್ಚು, ಅಲ್ಲಿರುವ ಹಬ್ಬವನ್ನು ಓದಿದವರು ಕಡಿಮೆ.

ಆದರೆ ಈ ಸುಖ ಯಾವ ಬೇಲಿಯೊಳಗೆ ಇತ್ತು? ತಾತ ಅಟ್ಟೆ ಕೊಯ್ದು, ಉಂಗುಷ್ಟ ಕೂರಿಸಿ, ಬಾರು ಹೊಲಿದ ಮೆಟ್ಟನ್ನು ಹಾಕಿಕೊಂಡು ಅವನೇ ಊರ ಬೀದಿಯಲ್ಲಿ ನಡೆಯುವಂತಿರಲಿಲ್ಲ, ಕೈಯಲ್ಲಿ ಹಿಡಿಯಬೇಕು. ಕೂಲಿಗೆ ಬೆಲೆ ಕಟ್ಟುವ ಹಕ್ಕಿಲ್ಲ, ಸುಗ್ಗಿಯಲ್ಲಿ ಕಣದ ಬಳಿ ನಿಂತು ಆಯ ಪಡೆಯಬೇಕು. ಶರಣರ ಕತೆಗಳಲ್ಲಿ ನಮಗೆ ಸಿಕ್ಕ ದೊಡ್ಡ ಚಮ್ಮಾರ ಹರಳಯ್ಯ. ಆತನ ಕೆಲಸಗಾರಿಕೆಯ ಬಗ್ಗೆ ಆ ಕತೆ ಏನನ್ನೂ ಹೇಳುವುದಿಲ್ಲ. ಗಂಡ ಹೆಂಡತಿ ತಮ್ಮ ತೊಡೆಯ ಚರ್ಮವನ್ನೇ ಸುಲಿದು ಬಸವಣ್ಣನಿಗೆ ಮೆಟ್ಟು ಮಾಡಿದರು ಎಂಬುದಷ್ಟೇ ಅದರ ಹಿರಿಮೆ. ತನ್ನನ್ನೇ ಸುಲಿದುಕೊಂಡಾಗ ಮಾತ್ರ ಚಮ್ಮಾರ ದೊಡ್ಡವನಾಗುವ ಈ ಕಥನವನ್ನು ನಾವು ಭಕ್ತಿಯಿಂದ ಹಾಡಿದ್ದೇವೆ.

ಈ ವಿದ್ಯೆ ಊರಿನಿಂದ ಜಾರಿದ್ದು ಹೇಗೆ? 1903ರ ಸುಮಾರಿಗೆ ಮದರಾಸಿನಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರ್ ಕ್ರೋಮ್ ಹದದ ಪ್ರಯೋಗ ಶುರು ಮಾಡಿದ. ನೀರಲ್ಲಿ ನೆನೆದರೂ ಬೇಗ ಕೆಡದ ಆ ತೊಗಲು ಕಪಿಲೆಗೆ ಸರಿಹೋಗುತ್ತದೆ ಎಂಬುದು ಅವನ ಲೆಕ್ಕ. ಮುಂದೆ ಆತ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೂ ಬಂದ. ಕಪಿಲೆಯ ತೊಗಲ ಚೀಲ, ಅದರ ಸೊಂಡಿಲು, ಮಿಣಿ, ಇವೇ ನಮ್ಮ ಕೇರಿಯ ದೊಡ್ಡ ಕೆಲಸ. ಅದಕ್ಕೆ ಮೊದಲ ಪೈಪೋಟಿ ಕಾರ್ಖಾನೆಯಿಂದ ಬಂತು. ಮುಗಿಸಿದ್ದು ಕರೆಂಟ್ ಪಂಪ್‌ಸೆಟ್ಟು. ಕಪಿಲೆಯೇ ಹೋದ ಮೇಲೆ ಚೀಲ ಯಾರಿಗೆ ಬೇಕು? ಆಮೇಲೆ ಬೋರ್‌ವೆಲ್ಲು ಸಾವಿರ ಅಡಿ ದಾಟಿ ಬಾವಿಗಳೂ ಹೋದವು, ಆ ಮಾತು ಬೇರೆ. ಡಿ. ಆರ್. ನಾಗರಾಜ್ ಇಂಥ ಕೈವಿದ್ಯೆಗಳ ನಾಶವನ್ನು ಕೊಲೆಯೆಂದೇ ಕರೆದರು. ಒಪ್ಪುತ್ತೇನೆ, ಅರ್ಧ. ಆಯದ ಕಣದಲ್ಲಿ ಕೈಚಾಚಿ ನಿಲ್ಲುವುದು ತಪ್ಪಿದ್ದಕ್ಕೆ ನಮ್ಮ ಅಪ್ಪ ಅತ್ತದ್ದನ್ನು ನಾನಂತೂ ನೋಡಿಲ್ಲ.

1936ರಲ್ಲಿ ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಆದರ್ಶ ಭಂಗಿ ಹೇಗಿರಬೇಕೆಂದು ಬರೆದರು. ಅದೇ ವರ್ಷ ಅಂಬೇಡ್ಕರ್ ‘ಜಾತಿ ವಿನಾಶ’ದಲ್ಲಿ ಜಾತಿಯು ದುಡಿಮೆಯ ವಿಭಜನೆಯಲ್ಲ, ದುಡಿಯುವವರ ವಿಭಜನೆ ಎಂದರು, ಆಯ್ಕೆಯಿಲ್ಲದ ಕಸುಬಿನಲ್ಲಿ ಮನಸ್ಸು ನಿಲ್ಲದು ಎಂದರು. ನಾನು ನಿಲ್ಲುವುದು ಅಂಬೇಡ್ಕರರ ಪಕ್ಕದಲ್ಲೇ. 1927ರಲ್ಲಿ ಮಹಾಡದಲ್ಲಿ ಸತ್ತ ದನದ ಬಾಡು ಬಿಡಿ ಎಂದಾಗ ಅವರು ಬಿಡಿಸಿದ್ದು ರುಚಿಯನ್ನಲ್ಲ, ಹಂಗನ್ನು. ಆದರೂ ಆ ಬಲವಂತದ ನಡುವೆಯೇ ತಾತನ ಮನಸ್ಸು ಬಾನಿಯಲ್ಲಿ ನಿಂತಿತ್ತಲ್ಲ? ಅದು ವ್ಯವಸ್ಥೆ ಕೊಟ್ಟದ್ದಲ್ಲ. ವ್ಯವಸ್ಥೆಯ ಕಣ್ಣು ತಪ್ಪಿಸಿ ಅವನು ಉಳಿಸಿಕೊಂಡದ್ದು. ಆಯದ ಲೆಕ್ಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ಆದ್ದರಿಂದ ಯಾರೂ ಕಿತ್ತುಕೊಳ್ಳಲಿಲ್ಲ.

ಈಗ ಕಿತ್ತುಕೊಳ್ಳುವ ಕಾಲ ಬಂದಿದೆ. ಪೇಟೆಯಲ್ಲಿ ಎಲ್ಲವನ್ನೂ ಮೊದಲಿಂದ ಕೊನೆವರೆಗೆ ತಾವೇ ಮಾಡುವ ಖುಷಿಯ ಬಗ್ಗೆ ದೊಡ್ಡ ಮಾತು ಕೇಳುತ್ತಿದೆ. ರೊಟ್ಟಿಯ ಹುಳಿ ಹಿಟ್ಟು, ಕೈಹೊಲಿಗೆಯ ತೊಗಲ ಚೀಲ, ಮರಗೆಲಸ. ಮಾಡಲಿ, ಸಂತೋಷ. ಅವರಿಗೆ ಬೇಡವಾದಾಗ ಬಿಡಬಹುದು. ಬಿಟ್ಟರೆ ಊರು ಬಹಿಷ್ಕಾರ ಹಾಕುವುದಿಲ್ಲ. ಕೈಗೆ ವಾಸನೆ ಹತ್ತಿದರೂ ಅದು ಜಾತಿಯ ವಾಸನೆಯಾಗುವುದಿಲ್ಲ.

2023ರಲ್ಲಿ ನಮ್ಮ ಜಿಲ್ಲೆಯವರೇ ಆದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಬಡಿಯುವ ಕೈ ಕಡೆಗೂ ಕಲಾವಿದನ ಕೈ ಅನ್ನಿಸಿಕೊಂಡಿತು. ತಮಟೆಗೆ ಚರ್ಮ ಬಿಗಿದ ಕೈಗೆ ಇನ್ನೂ ಹೆಸರಿಲ್ಲ. ಈಗ ಫೈಬರ್ ತಮಟೆಗಳು ಬಂದಿವೆ. ಬೆಂಕಿಗೆ ಹಿಡಿದು ಕಾಯಿಸಬೇಕಿಲ್ಲ, ಮಳೆಯಲ್ಲೂ ಶ್ರುತಿ ಇಳಿಯದು, ಹುಡುಗರಿಗೆ ಇಷ್ಟ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಕೆಂಚಾರ್ಲಹಳ್ಳಿ ಸುತ್ತ ಬಾನಿಯ ನೀರು ಮುಟ್ಟಿದ ಮುದುಕರು ಇನ್ನೂ ಅಲ್ಲಲ್ಲಿ ಇದ್ದಾರೆ. ಸಂಘಟನೆಯ ಹುಡುಗ ಹುಡುಗಿಯರು ಪುಸ್ತಕ ಹಿಡಿದು ಹೋಗಬೇಕು. ಅವಮಾನದ ಪ್ರಶ್ನೆಗಳನ್ನು ಕೇಳಿ, ಬಿಡಬೇಡಿ. ಜೊತೆಗೆ ತಂಗಡಿ ಚಕ್ಕೆಯನ್ನು ಯಾವ ತಿಂಗಳಲ್ಲಿ ಸುಲಿಯುತ್ತಿದ್ದರು, ಎಳೆಯದೋ ಬಲಿತದ್ದೋ, ಸುಣ್ಣ ಹೆಚ್ಚಾದರೆ ಏನು ಮಾಡುತ್ತಿದ್ದರು, ಹದ ಬಂತು ಅಂತ ಮೊದಲು ಹೇಳುತ್ತಿದ್ದದ್ದು ಮೂಗೋ, ಬೆರಳೋ, ನಾಲಿಗೆಯೋ, ಇದನ್ನೂ ಕೇಳಿ. ತಾತಂದಿರು ಜಗಲಿಯ ಮೇಲೆ ಉತ್ತರ ಹೇಳುತ್ತಿರುವಾಗ ಒಳಗಿನಿಂದ ಯಾವುದಾದರೂ ಅವ್ವ ‘ಅದು ಹಂಗಲ್ಲ’ ಅಂದರೆ, ಎದ್ದು ಒಳಗೆ ಹೋಗಿ ಕೂತುಕೊಂಡು ಬರೆದುಕೊಳ್ಳಿ.