ಬೆಂಗಳೂರಿನ ಸಾಲುಮರಗಳ ಆಯವ್ಯಯ

ಭರತಖಂಡದಲ್ಲಿ ದಾರಿಯ ಬದಿಗೆ ಮರವನ್ನಿಡಿಸುವುದು ಪ್ರಾಚೀನ ಕಾಲದಿಂದಲೂ ರಾಜಧರ್ಮವೆನಿಸಿದ್ದಿತು. ಪಶುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ಮಾರ್ಗಗಳಲ್ಲಿ ಆಲದ ಮರಗಳನ್ನು ನೆಡಿಸಿದುದಾಗಿ ಅಶೋಕ ಚಕ್ರವರ್ತಿಯು ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿರುವನು. ಆದರೆ ಹೆದ್ದಾರಿಯ ಮರಕ್ಕೆ ಬೇರು ಹರಡಲು ಬಯಲಿದ್ದಿತು. ನಗರದ ಬೀದಿಯ ಮರಕ್ಕೆ ಆ ಅವಕಾಶವಿಲ್ಲ. ಆದುದರಿಂದ ಅದು ಕೊಡುವುದೆಷ್ಟು, ಕೊಳ್ಳುವುದೆಷ್ಟು ಎಂಬ ಲೆಕ್ಕವು ಹುಟ್ಟುವುದು. ಬೆಂಗಳೂರಿನ ಇತಿಹಾಸದಲ್ಲಿ ಈ ಲೆಕ್ಕವನ್ನು ಸ್ಪಷ್ಟವಾಗಿ ಕಾಣಬಹುದು.

1908ರಲ್ಲಿ ಲಾಲ್‌ಬಾಗಿನ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಜರ್ಮನ್ ಸಸ್ಯಪಂಡಿತರಾದ ಕೃಂಬಿಗಲ್ಲರು ನಗರದ ಬೀದಿಗಳಿಗೆ ಹೊಸದೊಂದು ಕ್ರಮವನ್ನು ತಂದರು. ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಮತ್ತೊಂದು ಅರಳಿ, ವರ್ಷವಿಡೀ ಊರಿನ ಯಾವುದಾದರೂ ಬೀದಿಯಲ್ಲಿ ಹೂವಿರಬೇಕೆಂಬುದೇ ಆ ಕ್ರಮ. ಮಡಗಾಸ್ಕರಿನ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಂದ ಮೊದಲಾದುವು ಇಲ್ಲಿಯ ಮಣ್ಣಿಗೆ ಒಗ್ಗಿಹೋದುವು. ರಸ್ತೆಗಳು ಅಗಲವಾಗಿಯೂ ಸಂಚಾರವು ವಿರಳವಾಗಿಯೂ ಇದ್ದೆಡೆಗಳಲ್ಲಿ ಮರದ ವೆಚ್ಚವು ಅಷ್ಟಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ.

ನಗರವು ಬೆಳೆದಂತೆಲ್ಲ ಲೆಕ್ಕವು ಬದಲಾಯಿತು. 1976ರ ಕಾಯಿದೆಯು ಅಪ್ಪಣೆಯಿಲ್ಲದೆ ಮರ ಕಡಿಯುವುದನ್ನು ತಡೆಯಿತು; 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರ ನೇತೃತ್ವದಲ್ಲಿ ಸುಮಾರು 15 ಲಕ್ಷ ಸಸಿಗಳು ನೆಡಲ್ಪಟ್ಟುವು. ಆದರೂ ಮರಗಳ ಉಪದ್ರವವು ಸುಳ್ಳಲ್ಲ. ಬೇರುಗಳು ಕಾಲುದಾರಿಯ ಚಪ್ಪಡಿಗಳನ್ನೆತ್ತುವುವು. ಎಲೆಗಳು ಚರಂಡಿಯನ್ನು ಕಟ್ಟುವುವು. ಮುಂಗಾರಿಗೆ ಮೊದಲಿನ ಬಿರುಗಾಳಿಗೆ ಕೊಂಬೆ ಮುರಿದು ಪ್ರಾಣಹಾನಿಯಾಗುವುದೂ ಉಂಟು. ಇದನ್ನು ಮರೆಮಾಚುವುದು ಮರಕ್ಕೆ ಹಿತವಲ್ಲ. ಆದರೆ ಬುಡದವರೆಗೂ ಕಾಂಕ್ರೀಟು ಹಾಕಿ, ಕೊಳವೆಗಾಗಿ ಬೇರು ಕತ್ತರಿಸಿ, ಇಕ್ಕಟ್ಟಾದ ಬೀದಿಯಲ್ಲಿ ಹೆಮ್ಮರವನ್ನಿಟ್ಟವರು ಮನುಷ್ಯರೇ. ಈ ವೆಚ್ಚದಲ್ಲಿ ಅವರ ಪಾಲನ್ನು ಮರದ ಹೆಸರಿಗೆ ಬರೆಯುವುದು ನ್ಯಾಯವಲ್ಲ.

ಇನ್ನು ಆಯದ ಮಾತು. 2013ರಲ್ಲಿ ಪ್ರಕಟವಾದ ಬೆಂಗಳೂರಿನ ಒಂದು ಸಂಶೋಧನೆಯಂತೆ, ಮರವಿಲ್ಲದ ಬೀದಿಗಿಂತ ಮರವಿರುವ ಬೀದಿಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆಯು 5.6 ಡಿಗ್ರಿ ಸೆಲ್ಸಿಯಸ್‌ವರೆಗೂ, ರಸ್ತೆಯ ಮೈಯ ಉಷ್ಣತೆಯು 27.5 ಡಿಗ್ರಿಯವರೆಗೂ ಕಡಿಮೆಯಾಗಿದ್ದಿತು. ಈ ತಂಪನ್ನು ಹೆಚ್ಚಾಗಿ ಉಣ್ಣುವವರು ಪಾದಚಾರಿಗಳು, ಹೂ ಮಾರುವವರು, ಚಪ್ಪಲಿ ಹೊಲಿಯುವವರು. ಮುರಿದ ಚಪ್ಪಡಿಯ ಖರ್ಚು ನಗರಾಡಳಿತದ ದಫ್ತರದಲ್ಲಿ ರೂಪಾಯಿಗಳಾಗಿ ದಾಖಲಾಗುವುದು. ಇವರು ಪಡೆದ ನೆರಳಿಗೆ ಯಾವ ದಫ್ತರವೂ ಇಲ್ಲ. ತಕ್ಕಡಿಯು ಮರದ ವಿರುದ್ಧವಾಗಿ ವಾಲಲು ಮುಖ್ಯ ಕಾರಣವಿದೇ.

ಆದಕಾರಣ ಬೀದಿಯ ಅಗಲಕ್ಕೆ ತಕ್ಕ ಜಾತಿಯನ್ನಾರಿಸಿ, ಬುಡಕ್ಕೆ ಮಣ್ಣುಳಿಸಿ, ಕಾಲಕಾಲಕ್ಕೆ ಒಣಕೊಂಬೆಗಳನ್ನು ಸವರಿಸಿದರೆ ವೆಚ್ಚವು ಬಹುಮಟ್ಟಿಗೆ ತಗ್ಗುವುದು. ಕಡಿದ ಮರಕ್ಕೆ ಬದಲು ಸಸಿಯನ್ನು ನೆಟ್ಟರೆ ಎಣಿಕೆಯು ಸರಿಹೋದೀತು. ನೆರಳು ಸರಿಹೋಗಲು ಒಂದು ತಲೆಮಾರು ಬೇಕು.