ಕಾಲಿನಲ್ಲೊಂದು ಹೃದಯ

ಕಾಲಿನ ಮೇಲೆ ನೀಲಿಯಾಗಿ ಉಬ್ಬಿ ಗಂಟುಕಟ್ಟುವುದನ್ನು ನಾವು ರೂಢಿಯಲ್ಲಿ ‘ನರ’ ಎನ್ನುತ್ತೇವೆ. ನಿಜಕ್ಕೂ ಅದು ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿ. ಈ ವ್ಯಾಧಿ ಹೊಸದಲ್ಲ. ಕ್ರಿ.ಪೂ. 86ರಲ್ಲಿ ತೀರಿಕೊಂಡ ರೋಮಿನ ಸೇನಾಪತಿ ಮಾರಿಯಸ್‌ನ ಎರಡು ಕಾಲುಗಳಲ್ಲಿಯೂ ಇದಿತ್ತೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಕಟ್ಟಿಹಾಕಿಸಿಕೊಳ್ಳದೆಯೇ ಒಂದು ಕಾಲಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡ ಆ ಧೀರ, ಗುಣಕ್ಕಿಂತ ನೋವೇ ಹೆಚ್ಚೆಂದು ಇನ್ನೊಂದು ಕಾಲನ್ನು ಒಡ್ಡಲಿಲ್ಲವಂತೆ.

ಕಾಲಿನ ಹುಣ್ಣಿಗೆ ಬಿಗಿಯಾಗಿ ಬಟ್ಟೆ ಸುತ್ತುವ ಪದ್ಧತಿ ಪ್ರಾಚೀನ ಗ್ರೀಕ್ ವೈದ್ಯರಲ್ಲಿಯೂ ಇತ್ತು. ಅದರಿಂದ ಗುಣವೇಕೆ ಎಂಬುದು ಮಾತ್ರ ತಿಳಿದಿರಲಿಲ್ಲ. 1603ರಲ್ಲಿ ಇಟಲಿಯ ಪಡುವಾದ ಫ್ಯಾಬ್ರಿಸಿಯಸ್, ಅಭಿಧಮನಿಗಳೊಳಗಿನ ಪುಟ್ಟ ಕವಾಟಗಳನ್ನು ಚಿತ್ರಸಹಿತ ವಿವರಿಸಿದ. ಅವು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆಂದು 1628ರಲ್ಲಿ ತೋರಿಸಿದವನು ಅವನ ಶಿಷ್ಯ ವಿಲಿಯಂ ಹಾರ್ವೆ.

ಈ ಕವಾಟಗಳು ಸಡಿಲವಾದರೆ ರಕ್ತ ಕೆಳಗೇ ನಿಲ್ಲುತ್ತದೆ. ಕಾಲು ಊದುತ್ತದೆ, ಚರ್ಮ ಕಪ್ಪಾಗುತ್ತದೆ, ಕೊನೆಗೆ ಬೇಗ ಮಾಯದ ಹುಣ್ಣಾಗುತ್ತದೆ. ರಕ್ತವನ್ನು ಮೇಲೆತ್ತುವ ಪಂಪು ನಮ್ಮ ಮೀನಖಂಡ. ಅಲುಗದೆ ನಿಂತವರ ಪಾದದ ಬಳಿ ಅಭಿಧಮನಿಯ ಒತ್ತಡ ಪಾದರಸದ ಸುಮಾರು 90 ಮಿಲಿಮೀಟರ್. ಆರೋಗ್ಯವಂತರು ನಡೆಯತೊಡಗಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಮೀನಖಂಡವನ್ನು ಎರಡನೆಯ ಹೃದಯವೆನ್ನುವುದು ಇದಕ್ಕೇ.

19ನೆಯ ಶತಮಾನದ ಕೊನೆಯಲ್ಲಿ ಹ್ಯಾಂಬರ್ಗಿನ ಚರ್ಮವೈದ್ಯ ಪಾಲ್ ಉನ್ನಾ, ಸತುವಿನ ಲೇಪದ ಪಟ್ಟಿಯನ್ನು ಬಳಕೆಗೆ ತಂದ. ಅದನ್ನು ಸುತ್ತಿಕೊಂಡು ರೋಗಿ ನಡೆದಾಡಬಹುದಿತ್ತು. ಅಮೆರಿಕದಲ್ಲಿ ಇದೇ ವ್ಯಾಧಿಯಿಂದ ನರಳುತ್ತಿದ್ದ ಎಂಜಿನಿಯರ್ ಕಾನ್ರಾಡ್ ಜಾಬ್‌ಸ್ಟ್, ಈಜುಕೊಳದಲ್ಲಿ ನಿಂತಾಗ ಕಾಲು ಹಗುರಾಗುವುದನ್ನು ಗಮನಿಸಿದ. ನೀರಿನ ಒತ್ತಡ ಆಳಕ್ಕೆ ಹೋದಷ್ಟೂ ಹೆಚ್ಚು. ಹಾಗೆಯೇ ಪಾದದ ಬಳಿ ಹೆಚ್ಚು ಬಿಗಿದು ಮೇಲಕ್ಕೆ ಸಡಿಲವಾಗುವ ಕಾಲುಚೀಲವನ್ನು 1950ರ ಸುಮಾರಿಗೆ ಅವನು ತಯಾರಿಸಿದ.

ಇಂದಿನ ಅಂಗಸಾಧನೆಯ ಚಿಕಿತ್ಸೆಯೂ ಈ ತತ್ತ್ವದ ಮೇಲೆಯೇ ನಿಂತಿದೆ: ನಡಿಗೆ, ಹಿಮ್ಮಡಿ ಎತ್ತಿ ಇಳಿಸುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮಲಗಿದಾಗ ಕಾಲನ್ನು ಎತ್ತರದಲ್ಲಿಡುವುದು. ಕೆಟ್ಟ ಕವಾಟ ಇದರಿಂದ ಸರಿಹೋಗದು; ಆದರೆ ಪಂಪು ಬಲಗೊಳ್ಳುತ್ತದೆ. ಅಪಧಮನಿಯ ರಕ್ತಪ್ರವಾಹ ಕಡಮೆಯಿದ್ದವರಿಗೆ ಬಿಗಿ ಕಾಲುಚೀಲ ಅಪಾಯಕರವಾದ್ದರಿಂದ ಮೊದಲು ವೈದ್ಯರಿಗೆ ತೋರಿಸಬೇಕು. ಒಂದೇ ಕಾಲು ಹಠಾತ್ತನೆ ಊದಿ ನೋಯತೊಡಗಿದರಂತೂ ತಡಮಾಡಲೇಬಾರದು.

ಹೋಟೆಲಿನ ಒಲೆಯ ಮುಂದೆ, ಅಂಗಡಿಯಲ್ಲಿ, ತರಗತಿಯಲ್ಲಿ ದಿನವಿಡೀ ನಿಂತೇ ದುಡಿಯುವವರು ನಮ್ಮಲ್ಲಿ ಅನೇಕರು. ಹುಣ್ಣಾಗುವವರೆಗೂ ಸೀರೆಯಂಚಿನಲ್ಲೋ ಷರಾಯಿಯಲ್ಲೋ ಕಾಲನ್ನು ಮರೆಸಿಕೊಂಡು ಸಹಿಸುವುದು ಬೇಡ. ಆ ಎರಡನೆಯ ಹೃದಯಕ್ಕೆ ಬೇಕಾದದ್ದು ಚಲನೆ. ಅದನ್ನು ದಿನವೂ ಕೊಡೋಣ.