ಕೀಟಗಳನ್ನು ಬಾಧಿಸುವ ಶಿಲೀಂಧ್ರಗಳು: ವೈವಿಧ್ಯ ಮತ್ತು ವರ್ಗೀಕರಣ

ಸ್ವರೂಪ

ಜೀವಂತ ಕೀಟದ ದೇಹವನ್ನು ಹೊಕ್ಕು, ಅದರೊಳಗೆ ಬೆಳೆದು, ಸಾಮಾನ್ಯವಾಗಿ ಅದನ್ನು ಕೊಲ್ಲುವ ಶಿಲೀಂಧ್ರಗಳಿಗೆ ಕೀಟರೋಗಕಾರಕ ಶಿಲೀಂಧ್ರಗಳೆಂದು ಹೆಸರು. ಇಂಥ 700ಕ್ಕೂ ಹೆಚ್ಚು ಪ್ರಭೇದಗಳನ್ನು ವಿಜ್ಞಾನ ಗುರುತಿಸಿದೆ. ದೀರ್ಘ ಮಳೆಗಾಲ, ತೇವ ಆರದ ತೋಟಗಳು ಮತ್ತು ಘಟ್ಟದ ಬುಡದ ಕಾಡುಗಳಿರುವ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಹವೆ ಇವುಗಳಿಗೆ ಹೇಳಿಮಾಡಿಸಿದಂತಿದೆ. ಸತ್ತ ದುಂಬಿಯ ಮೈಮೇಲೆ ಕಾಣುವ ಬಿಳಿ ಅಥವಾ ಹಸಿರು ಹುಡಿ ಹಲವು ಬಾರಿ ಇವುಗಳದೇ ಬೀಜಕಗಳ ರಾಶಿ.

ಸೋಂಕಿನ ಕ್ರಮ

ಬ್ಯಾಕ್ಟೀರಿಯಾ ಮತ್ತು ವೈರಸ್‌ಗಳು ಹೆಚ್ಚಾಗಿ ಆಹಾರದೊಡನೆ ಕೀಟದ ಒಡಲು ಸೇರುತ್ತವೆ. ಶಿಲೀಂಧ್ರಕ್ಕೆ ಆ ದಾರಿ ಬೇಕಿಲ್ಲ; ಅದು ಹೊರಚರ್ಮವನ್ನೇ ಭೇದಿಸುತ್ತದೆ. ಮೈಗಂಟಿದ ಬೀಜಕ ತೇವಾಂಶದಲ್ಲಿ ಮೊಳೆತು, ಪ್ರೋಟೀನ್ ಮತ್ತು ಕೈಟಿನ್‌ಗಳನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸಿ, ಒತ್ತಡದಿಂದ ಒಳನುಗ್ಗುತ್ತದೆ. ಬಳಿಕ ಕೀಟದ ರಕ್ತದಲ್ಲಿ ವೃದ್ಧಿಯಾಗುತ್ತದೆ. ಸಾವಿಗೆ ಕೆಲವು ದಿನಗಳಿಂದ ವಾರಗಳವರೆಗೆ ಬೇಕು. ವಾತಾವರಣ ತೇವವಾಗಿದ್ದರೆ ಶಿಲೀಂಧ್ರ ಶವದಿಂದ ಹೊರಚಾಚಿ ಮತ್ತೆ ಬೀಜಕಗಳನ್ನು ಬಿಡುತ್ತದೆ.

ವರ್ಗೀಕರಣ

ಈ ಜೀವಿಗಳದು ಒಂದೇ ಕುಲವಲ್ಲ. ಕೀಟವನ್ನು ಆಹಾರವಾಗಿಸುವ ಸಾಮರ್ಥ್ಯ ಶಿಲೀಂಧ್ರಗಳ ಹಲವು ಶಾಖೆಗಳಲ್ಲಿ ಬೇರೆ ಬೇರೆಯಾಗಿ ವಿಕಾಸಗೊಂಡಿದೆ.

ಕೃಷಿಗೆ ಮುಖ್ಯವಾದವು ಆಸ್ಕೊಮೈಕೋಟ ವಿಭಾಗದ ಹೈಪೋಕ್ರಿಯೇಲ್ಸ್ ಗಣದಲ್ಲಿವೆ. ಬಿಳಿ ಹುಡಿಯ ಬ್ಯುವೇರಿಯಾ ಇಲ್ಲಿಯದು. ಇಟಲಿಯ ಅಗೊಸ್ತಿನೊ ಬಾಸಿ 1835ರಲ್ಲಿ ರೇಷ್ಮೆಹುಳುಗಳ ಸುಣ್ಣಕಟ್ಟು ರೋಗಕ್ಕೆ ಇಂಥ ಸೂಕ್ಷ್ಮಜೀವಿಯೇ ಕಾರಣವೆಂದು ತೋರಿಸಿದ. ಪ್ರಾಣಿಯ ರೋಗಕ್ಕೆ ಸೂಕ್ಷ್ಮಜೀವಿ ಕಾರಣವೆಂಬ ಮೊದಲ ಸಾಬೀತುಗಳಲ್ಲಿ ಇದೂ ಒಂದು; ಅವನ ಹೆಸರೇ ಬ್ಯುವೇರಿಯಾ ಬ್ಯಾಸಿಯಾನಾದಲ್ಲಿ ಉಳಿದಿದೆ. ಹಸಿರು ಹುಡಿಯ ಮೆಟಾರೈಜಿಯಮ್ಮನ್ನು ಇಲ್ಯಾ ಮೆಚ್ನಿಕಾಫ್ 1879ರಲ್ಲಿ ಧಾನ್ಯದ ದುಂಬಿಯಲ್ಲಿ ಕಂಡ. ಹಸಿರು ಶಲ್ಕಕೀಟವನ್ನು ಬಿಳಿ ಅಂಚಿನಿಂದ ಸುತ್ತುವರಿಯುವ ಲೆಕಾನಿಸಿಲಿಯಮ್ ಕಾಫಿ ಬೆಳೆಗಾರರಿಗೆ ಪರಿಚಿತ. ಕಾಡಿನಲ್ಲಿ ಸತ್ತ ಕೀಟದಿಂದ ತೊಟ್ಟಿನಂತೆ ಮೇಲೇಳುವ ಓಫಿಯೋಕಾರ್ಡಿಸೆಪ್ಸ್ ಇದೇ ಗಣದ ಬಂಧು. ತಿಗಣೆಗಳ ಮೇಲೆ ಬೆಳೆಯುವ ಓಫಿಯೋಕಾರ್ಡಿಸೆಪ್ಸ್ ನ್ಯೂಟನ್ಸ್ ಪಶ್ಚಿಮ ಘಟ್ಟದಲ್ಲಿಯೂ ದಾಖಲಾಗಿದೆ.

ಎಂಟಮಾಫ್ಥೋರ ಬಳಗದವು ನೊಣ, ಗಿಡಹೇನು ಮೊದಲಾದವುಗಳಲ್ಲಿ ಹಠಾತ್ ಸಾಂಕ್ರಾಮಿಕ ಉಂಟುಮಾಡುತ್ತವೆ. ಪ್ರಯೋಗಾಲಯದಲ್ಲಿ ಬೆಳೆಸುವುದು ಕಷ್ಟವಾದ್ದರಿಂದ ಮಾರುಕಟ್ಟೆಗೆ ಬಂದದ್ದು ಅಪರೂಪ. ಸೀಲೊಮೊಮೈಸಿಸ್ ಸೊಳ್ಳೆ ಮರಿಗಳನ್ನು ಬಾಧಿಸುತ್ತದೆ. ರೇಷ್ಮೆಯ ಗಂಟುರೋಗಕ್ಕೆ ಕಾರಣವಾದ ನೊಸೀಮಾವನ್ನು ಮೊದಲು ಏಕಕೋಶ ಪ್ರಾಣಿಯೆಂದು ಬಗೆದಿದ್ದರು. ಅದು ಶಿಲೀಂಧ್ರಗಳ ಸಮೀಪದ ಬಂಧುವೆಂದು ಈಗ ತಿಳಿದಿದೆ.

ಕೆಲವು ಜೀವಿಗಳು ಶಿಲೀಂಧ್ರಗಳಂತೆ ಕಂಡರೂ ಶಿಲೀಂಧ್ರಗಳಲ್ಲ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ಥೊರ ಊಮೈಸೀಟ್ಸ್ ಗುಂಪಿನದು. ಇದರ ಕೋಶಭಿತ್ತಿಯಲ್ಲಿ ಕೈಟಿನ್ನಿಗಿಂತ ಸೆಲ್ಯುಲೋಸ್ ಪ್ರಧಾನ. ಸೊಳ್ಳೆ ಮರಿಗಳನ್ನು ಕೊಲ್ಲುವ ಲೆಜಿನೀಡಿಯಮ್ ಕೂಡ ಇದೇ ಗುಂಪಿಗೆ ಸೇರಿದೆ.

ಹಿಂದೆ ಬೀಜಕದ ಆಕಾರವನ್ನು ನೋಡಿ ಹೆಸರಿಡುತ್ತಿದ್ದರು. ಒಂದೇ ಶಿಲೀಂಧ್ರದ ಲೈಂಗಿಕ ಮತ್ತು ಅಲೈಂಗಿಕ ರೂಪಗಳಿಗೆ ಎರಡು ಹೆಸರುಗಳಿರುತ್ತಿದ್ದವು; 2011ರಲ್ಲಿ ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು ಎಂಬ ನಿಯಮ ಬಂತು. ಡಿಎನ್‌ಎ ಹೋಲಿಕೆಯಿಂದ 2009ರಲ್ಲಿ ಮೆಟಾರೈಜಿಯಮ್ ಅನಿಸೋಪ್ಲಿಯೆ ಎಂಬ ಒಂದೇ ಹೆಸರಿನಡಿ ಅಡಗಿದ್ದ ಹಲವು ಪ್ರಭೇದಗಳು ಬೇರ್ಪಟ್ಟವು. ಇದು ಬರಿಯ ಪಂಡಿತರ ವಾದವಲ್ಲ. ತೆಂಗಿನ ಕುರುವಾಯಿ ದುಂಬಿಗೆ ಮಾರಕವಾದದ್ದು ದೊಡ್ಡ ಬೀಜಕಗಳ ಮೆಟಾರೈಜಿಯಮ್ ಮೇಜಸ್. ಪೊಟ್ಟಣದೊಳಗಿನ ತಳಿ ಯಾವುದೆಂದು ತಿಳಿಯದೆ ಫಲ ನಿರೀಕ್ಷಿಸುವಂತಿಲ್ಲ.

ತೋಟಗಳಲ್ಲಿ ಬಳಕೆ

ಅಡಿಕೆ ಬೇರನ್ನು ತಿನ್ನುವ ಬೇರುಹುಳುಗಳಿಗೆ ಮೆಟಾರೈಜಿಯಮ್ಮನ್ನು ಹಟ್ಟಿಗೊಬ್ಬರದೊಡನೆ ಬೆರೆಸಿ ಬುಡಕ್ಕೆ ಕೊಡುವ ಪದ್ಧತಿಯಿದೆ. ಮರಿಗಳು ಎಳೆಯವಾಗಿ ಮಣ್ಣಿನ ಮೇಲ್ಪದರದಲ್ಲಿರುವಾಗ ಇದು ಹೆಚ್ಚು ಫಲಕಾರಿ. ಕುರುವಾಯಿ ಮೊಟ್ಟೆಯಿಡುವ ಗೊಬ್ಬರದ ಗುಂಡಿಗೂ ಈ ಶಿಲೀಂಧ್ರವನ್ನು ಸೇರಿಸಬಹುದು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವಾಗಿ ಆರಂಭವಾಯಿತು. ಅಲ್ಲಿ ಗೇರಿನ ಕಾಂಡ ಮತ್ತು ಬೇರು ಕೊರಕದ ವಿರುದ್ಧ ಈ ಶಿಲೀಂಧ್ರಗಳು ಪರೀಕ್ಷೆಗೊಳಗಾಗಿವೆ. ಹುಳು ತೊಗಟೆಯೊಳಗೆ ಇರುವುದರಿಂದ ಬೀಜಕ ಅದರ ಮೈಗೆ ತಲುಪುವುದೇ ಇಲ್ಲಿನ ಕಠಿಣ ಸಮಸ್ಯೆ.

ಬೀಜಕಗಳು ಜೀವಂತವಾದ್ದರಿಂದ ಬಿಸಿಲಿನ ನೇರಳಾತೀತ ಕಿರಣಗಳು ಅವನ್ನು ಕೊಲ್ಲುತ್ತವೆ. ಸಂಜೆಯ ಹೊತ್ತು ಸಿಂಪಡಣೆಗೆ ತಕ್ಕದ್ದು. ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಕೊಳೆರೋಗಕ್ಕೆ ಅನಿವಾರ್ಯ, ಆದರೆ ಅದರ ತಾಮ್ರ ಈ ಶಿಲೀಂಧ್ರಗಳಿಗೂ ಹಾನಿಕರ. ಆದ್ದರಿಂದ ಎರಡನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಬಾರದು. ರೇಷ್ಮೆಹುಳು ಸಾಕುವ ಜಾಗದ ಹತ್ತಿರ ಬ್ಯುವೇರಿಯಾ ಸಿಂಪಡಿಸುವುದು ಸಲ್ಲದು.